ಕೇಳೋ ವೈರು

ಇಷ್ಟು ವರ್ಷವೂ ಟೈಲರಮ್ಮ ದ್ವೀಪವನ್ನು ನೋಡಿದ್ದು ಬೆನ್ನಿನಿಂದ.

ಇದು ಮಾತಿನ ಚಮತ್ಕಾರವಲ್ಲ. ಗಂಡನ ಬೋಟಿನ ಮೂತಿಯ ಹತ್ತಿರ ಕೂರಲು ಇದ್ದದ್ದು ಒಂದೇ ಹಲಗೆ. ಅದನ್ನು ಹೊಡೆದ ಪುಣ್ಯಾತ್ಮ ಯಾರೋ, ಕೂತವರ ಮುಖ ಚುಕ್ಕಾಣಿಯ ಕಡೆಗೆ, ಅಂದರೆ ಹಿಂದಕ್ಕೆ, ತಿರುಗುವ ಹಾಗೆ ಹೊಡೆದಿದ್ದ. ಮದುವೆಯಾದ ಹೊಸದರಲ್ಲಿ ಅವಳು ಹೋಗಿ ಅಲ್ಲಿ ಕೂತಳು, ಕೂತ ಜಾಗ ಅವಳದೇ ಆಗಿಬಿಟ್ಟಿತು. ಆಮೇಲೆ ದ್ವೀಪದ ಮನೆಗಳಿಗೆ ಪರದೆ, ದಿಂಬಿನ ಚೀಲ, ಅಲ್ಲಿನ ಶಾಲೆಯ ಮಕ್ಕಳಿಗೆ ಅಂಗಿ ಅಂತ ಹೊಲಿದು, ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಎಷ್ಟು ಸಲ ಹೋದಳೋ, ಅಷ್ಟೂ ಸಲ ಅವಳ ಕಣ್ಣೆದುರಿಗೆ ಇದ್ದದ್ದು ಎರಡೇ: ಗಂಡನ ಮುಖ, ಆ ಮುಖದ ಹಿಂದೆ ಚಿಕ್ಕದಾಗುತ್ತ ಹೋಗುವ ತಮ್ಮದೇ ದಡ. ಕತ್ತು ಹೊರಳಿಸಬಹುದಿತ್ತಲ್ಲ ಎನ್ನುವವರಿಗೆ ಉತ್ತರ: ಹೊರಳಿಸಿದ್ದಳು, ಉಳುಕಿತ್ತು, ವಾರವಿಡೀ ಎಣ್ಣೆ ಹಚ್ಚಿಕೊಂಡಿದ್ದಳು. ವಾಪಸ್ ಬರುವಾಗಲೋ, ಕತ್ತಲಾಗಿರುತ್ತಿತ್ತು, ಒಂದೆರಡು ದೀಪ ಬಿಟ್ಟು ಏನೂ ಕಾಣುತ್ತಿರಲಿಲ್ಲ. ದ್ವೀಪ ಬಂತು ಎಂದು ಅವಳಿಗೆ ತಿಳಿಯುತ್ತಿದ್ದದ್ದು ಬೋಟು ಜನ ಹತ್ತಿಳಿಯುವ ಅಲ್ಲಿನ ಧಕ್ಕೆಗೆ ಧಡ್ ಎಂದು ತಾಗಿ ಹಲ್ಲು ಕಟಕ್ ಅಂದಾಗ.

ಗಂಡನಿಗೆ ಬೀದಿಯವರು ಇಟ್ಟ ಹೆಸರು ನಿಧಾನಪ್ಪ. ಬೋಟು ಹತ್ತುವ ಪ್ರತಿಯೊಬ್ಬರಿಗೂ ಕೈ ಕೊಟ್ಟು "ನಿಧಾನ, ನಿಧಾನ" ಎನ್ನುತ್ತಿದ್ದುದರಿಂದ ಬಂದ ಹೆಸರು. ಮನುಷ್ಯನೂ ಹೆಸರಿಗೆ ತಕ್ಕ ಹಾಗೇ ಇದ್ದ. ಊಟ ನಿಧಾನ, ಉತ್ತರ ನಿಧಾನ. ರಾತ್ರಿ ಹೇಳಿದ ಜೋಕಿಗೆ ಬೆಳಿಗ್ಗೆ ಹಲ್ಲುಜ್ಜುವಾಗ ನಕ್ಕು ನೊರೆ ನುಂಗಿಕೊಳ್ಳುವ ಜಾತಿ. ಆ ದ್ವೀಪದ ಧಕ್ಕೆಗೆ ಬೋಟು ತಾಗಿಸುವ ವಿಷಯವೊಂದರಲ್ಲಿ ಮಾತ್ರ ಅವನ ನಿಧಾನ ಎಲ್ಲಿ ಹೋಗುತ್ತಿತ್ತೋ ಯಾರಿಗೂ ಗೊತ್ತಿಲ್ಲ.

ಹೋದ ವರ್ಷ ಅವನ ಬಲಭುಜ ಹಿಡಿದುಕೊಂಡಿತು. ಡಾಕ್ಟರು ದಿನ ಬಿಟ್ಟು ದಿನ ಕೈಗೆ ವಿಶ್ರಾಂತಿ ಕೊಡಿ ಎಂದರು. ಟೈಲರಮ್ಮ ಯಾರದೋ ಕೋಟಿಗೆ ಗುಂಡಿ ಹಾಕುತ್ತ ಕೂತಿದ್ದವಳು ತಲೆ ಎತ್ತದೆ, "ಹಾಗಾದ್ರೆ ಒಂದು ದಿನ ನೀವು, ಒಂದು ದಿನ ನಾನು," ಅಂದಳು.

ಪಕ್ಕದ ಬೇಕರಿ ಅವಳ ನಾದಿನಿಯದು. ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ಬಂದು, "ಅತ್ತಿಗೆ, ಅದು ಹೊಲಿಗೆ ಮೆಷಿನ್ ಅಲ್ಲ. ನೀರಲ್ಲಿ ಬ್ರೇಕಿರಲ್ಲ," ಅಂದಳು.

"ನನ್ನ ಮೆಷಿನ್ನಿಗೂ ಬ್ರೇಕಿಲ್ಲ ಕಣೇ. ಕಾಲು ತೆಗೀತೀನಿ, ನಿಲ್ಲುತ್ತೆ."

ಕಲಿತಳು. ಪರೀಕ್ಷೆ ಬರೆದಳು, ಪಾಸೂ ಆದಳು. ಎಲ್ಲರಿಗೂ ಅವಳು ಹೇಳುತ್ತಿದ್ದ ಕಾರಣ ಗಂಡನ ಭುಜ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅವಳಿಗೆ ಆ ದ್ವೀಪ ಎದುರಿನಿಂದ ಬರುವುದನ್ನು ನೋಡಬೇಕಿತ್ತು. ಇಷ್ಟು ದೊಡ್ಡ ಹೆಂಗಸು ಇಂಥ ಚಿಕ್ಕ ಆಸೆ ಇಟ್ಟುಕೊಂಡಿದ್ದಾಳೆ ಅಂತ ಬೇಕರಿಗೆ ಗೊತ್ತಾದರೆ ಬೀದಿಗೆಲ್ಲ ಬನ್ನಿನ ಜೊತೆ ಹಂಚಿಕೆಯಾಗುತ್ತದೆ ಎಂದು ಬಾಯಿ ಹೊಲಿದುಕೊಂಡಿದ್ದಳು.

ಈಗ ಉಳಿದದ್ದು ಒಂದು. ನಾಳೆ ಬೆಳಿಗ್ಗೆ ಬೋಟ್ ಇನ್‌ಸ್ಪೆಕ್ಟರು ಬರುತ್ತಾರೆ. ಅವರ ಮುಂದೆ ಅವಳು ದ್ವೀಪದವರೆಗೆ ಬೋಟು ನಡೆಸಬೇಕು. ಬೋಟೂ ಪಾಸಾಗಬೇಕು, ಅವಳೂ ಪಾಸಾಗಬೇಕು. ಹೊಸ ನಿಯಮ ಬಂದಿದೆ: ಜನರನ್ನು ಕೂರಿಸಿಕೊಂಡು ಹೋಗುವ ಬೋಟಿನಲ್ಲಿ ಆಪತ್ತಿನ ಕೆಂಪು ಗುಂಡಿ ಇರುವ ರೇಡಿಯೋ ಬೇಕು, ಆ ಗುಂಡಿ ಒತ್ತಿದರೆ ಬೋಟು ಎಲ್ಲಿದೆ ಎಂಬುದನ್ನು ರೇಡಿಯೋ ತಾನಾಗೇ ಹೇಳಬೇಕು. ಅದಿಲ್ಲದಿದ್ದರೆ ಬೋಟು ನೀರಿಗಿಳಿಯುವಂತೆಯೇ ಇಲ್ಲ. ಇನ್‌ಸ್ಪೆಕ್ಟರು ಮತ್ತೆ ಬರುವುದು ಮಳೆಗಾಲಕ್ಕೆ ಸಮುದ್ರ ಎದ್ದು, ಕುಣಿದು, ತಣ್ಣಗಾದ ಮೇಲೆ. ಅಲ್ಲಿಯವರೆಗೆ ನಿಧಾನಪ್ಪ ಹಳೆಯ ಗೆಳೆಯನ ಬೋಟಿನಲ್ಲಿ ಕೂಲಿಗೆ ಹೋಗಬಹುದು. ಟೈಲರಮ್ಮ ಗುಂಡಿ ಹಾಕಬಹುದು.

ಭಾನುವಾರದ ಊಟ ಮುಗಿಸಿ ಗಂಡ ಹೆಂಡತಿ ಹೊಲಿಗೆ ಅಂಗಡಿಯ ಹಿಂದಿನ ತಗಡಿನ ಶೆಡ್ಡಿಗೆ ಇಳಿದರು. ಬೋಟು ತನ್ನ ಗಾಲಿಬಂಡಿಯ ಮೇಲೆ ಕೂತಿತ್ತು. ಚುಕ್ಕಾಣಿಯ ಬಲಗಡೆ ಜಿಪಿಎಸ್ ಇರುವ ಮ್ಯಾಪ್ ಡಬ್ಬ: ಹಳೆಯದು, ಮೂಲೆ ಸವೆದದ್ದು, ಆದರೆ ಒಂದು ದಿನವೂ ದಾರಿ ತಪ್ಪಿಸದ್ದು. ಎಡಗಡೆ ಹೊಸ ರೇಡಿಯೋ, ಇನ್ನೂ ಪ್ಲಾಸ್ಟಿಕ್ ವಾಸನೆ. ಎರಡರ ನಡುವೆ ಒಂದು ಗೇಣು ಜಾಗ. ಆ ಗೇಣನ್ನು ದಾಟಿಸಬೇಕಿತ್ತು. ನಾವೆಲ್ಲಿದ್ದೇವೆ ಎಂಬುದು ಮ್ಯಾಪ್ ಡಬ್ಬಕ್ಕೆ ಗೊತ್ತು. ಅದು ಹೇಳಿದರೆ ಮಾತ್ರ ರೇಡಿಯೋಗೆ ಗೊತ್ತಾಗುವುದು.

"ರೇಡಿಯೋ ಅಂಗಡಿಯವನು ಬಾಯಿಪಾಠ ಮಾಡಿಸಿ ಕಳಿಸಿದಾನೆ," ಅಂದ ನಿಧಾನಪ್ಪ. "ಪ್ರತಿ ಡಬ್ಬಕ್ಕೂ ಒಂದು ಹೇಳೋ ವೈರು, ಒಂದು ಕೇಳೋ ವೈರು. ಇದರ ಹೇಳೋದನ್ನ ಅದರ ಕೇಳೋದಕ್ಕೆ ಸೇರಿಸಬೇಕು, ಅದರ ಹೇಳೋದನ್ನ ಇದರ ಕೇಳೋದಕ್ಕೆ. ಕಪ್ಪಿಗೆ ಕಪ್ಪು. ಮುಗೀತು."

"ಬಣ್ಣ?"

"ಬಣ್ಣ ನಂಬಬೇಡಿ ಅಂದ. ಎರಡು ಬೇರೆ ಬೇರೆ ಕಂಪನಿ. ಇದರಲ್ಲಿ ಹಳದಿ, ಕಂದು. ಅದರಲ್ಲಿ ನೀಲಿ, ಬೂದು."

ಡಬ್ಬಗಳ ಜೊತೆ ಬಂದ ಹಾಳೆಗಳು ಇಬ್ಬರಿಗೂ ಬಾರದ ಭಾಷೆಯಲ್ಲಿದ್ದವು. ಚಿತ್ರ ಮಾತ್ರ ಇತ್ತು: ಡಬ್ಬದಿಂದ ಹೊರಗೆ ಹೋಗುವ ಬಾಣ ಒಂದು, ಒಳಗೆ ಬರುವ ಬಾಣ ಒಂದು, ಪಕ್ಕದಲ್ಲಿ ವೈರಿನ ಬಣ್ಣ. ಅಷ್ಟು ಸಾಕು.

"ನೀನು ರೇಡಿಯೋ ಕಡೆ ಗುರುತು ಹಾಕು, ನಾನು ಮ್ಯಾಪ್ ಕಡೆ ಹಾಕ್ತೀನಿ," ಅಂದ ಅವನು. ಕೆಲಸ ಹಂಚಿಕೊಳ್ಳುವುದರಲ್ಲಿ ಇವರ ಮನೆಯಲ್ಲಿ ಎಂದೂ ಜಗಳವಿಲ್ಲ. ಜಗಳ ಬರುವುದು ಹಂಚಿಕೊಂಡದ್ದನ್ನು ಕೂಡಿಸುವಾಗ.

ನಿಧಾನಪ್ಪ ಬಿಳಿ ಟೇಪು ಹರಿದು, ಪೆನ್ನಿನಿಂದ ಗೀಚಿ, ವೈರಿಗೆ ಸುತ್ತಿದ. ಟೈಲರಮ್ಮನಿಗೆ ಟೇಪು ಅಂದರೆ ಅಸಹ್ಯ. ಬೆವರಿಗೆ ಬಿಟ್ಟುಕೊಳ್ಳುತ್ತದೆ, ಉಪ್ಪುನೀರಿಗೆ ಅಂಟು ಸೋರುತ್ತದೆ. ಅವಳು ಮೇಲೆ ಹೋಗಿ ಎರಡು ತುಂಡು ಕ್ಯಾನ್ವಾಸ್ ಕತ್ತರಿಸಿ, ಅಂಚು ಮಡಚಿ, ಕೆಂಪು ದಾರದಲ್ಲಿ ಅಕ್ಷರ ಹೊಲಿದು ತಂದಳು. ಒಂದರ ಮೇಲೆ 'ಹೇಳೋದು', ಇನ್ನೊಂದರ ಮೇಲೆ 'ಕೇಳೋದು'. ಒತ್ತಕ್ಷರವಿಲ್ಲದ್ದು ಅವಳ ಅದೃಷ್ಟ.

ಚಹಾ ತಂದ ನಾದಿನಿ ಖಾಲಿ ಪೇಂಟಿನ ಡಬ್ಬವೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಳು. "ವೈರಿಗೂ ಅಂಗಿ ಹೊಲಿದ್ರಾ ಅತ್ತಿಗೆ? ಅಳತೆ ತಗೊಂಡ್ರಾ?"

"ನಿನ್ನ ಬಾಯಿಗೊಂದು ಹೊಲೀತೀನಿ, ಈ ಕಡೆ ಬಾ."

"ಅಣ್ಣ, ಕೇಳಿಸ್ಕೊಂಡ್ಯಾ ನಿನ್ನ ಹೆಂಡ್ತಿ ಮಾತು?"

ನಿಧಾನಪ್ಪ ಉತ್ತರ ಹುಡುಕುತ್ತಿದ್ದ. ಸಿಗುವ ಹೊತ್ತಿಗೆ ವೈರು ಕೂಡಿಸುವ ಕೆಲಸ ಮುಗಿದಿತ್ತು. ಅವನ 'ಹೇಳೋದು' ಅವಳ 'ಕೇಳೋದು'ಕ್ಕೆ. ಅವನ 'ಕೇಳೋದು' ಅವಳ 'ಹೇಳೋದು'ಕ್ಕೆ. ಹಲ್ಲಿನಿಂದ ವೈರು ಸುಲಿಯಲು ಹೋದ ಗಂಡನ ಕೈಗೆ ಒಂದು ಏಟು ಕೊಟ್ಟು, ತನ್ನ ಸಣ್ಣ ಕತ್ತರಿಯಿಂದ ತಾನೇ ಸುಲಿದು, ತಾಮ್ರದ ಎಳೆಗಳನ್ನು ದಾರ ಹೊಸೆದ ಹಾಗೆ ಹೊಸೆದು, ಮೇಲೆ ರಬ್ಬರ್ ಕೊಳವೆ ಸರಿಸಿದಳು. ನೋಡಿದರೆ ಯಾರಾದರೂ ಹುಟ್ಟುವಾಗಲೇ ಕೂಡಿದ್ದು ಅನ್ನಬೇಕು.

ಬ್ಯಾಟರಿಯ ಸ್ವಿಚ್ಚು ಹಾಕಿದರು. ರೇಡಿಯೋದ ಪುಟ್ಟ ಪರದೆ ಬೆಳಗಿತು. ಬೋಟು ಎಲ್ಲಿದೆ ಎನ್ನುವ ಅಂಕಿಗಳು ಬರಬೇಕಾದ ಜಾಗದಲ್ಲಿ ಅಡ್ಡಗೆರೆಗಳ ಒಂದು ಸಾಲು. ಆಮೇಲೆ 'ಪೀಂ' ಅಂದಿತು.

"ಇದು ಒಳ್ಳೇ ಪೀಂ ಅಲ್ಲ," ಅಂದಳು ನಾದಿನಿ.

"ತಗಡಿನ ಕೆಳಗೆ ಇದೀವಲ್ಲ. ಜಿಪಿಎಸ್‌ಗೆ ಆಕಾಶ ಕಾಣಬೇಕು," ಅಂದ ನಿಧಾನಪ್ಪ. ಮಾತು ಸರಿಯಾಗಿಯೇ ಇತ್ತು; ಮ್ಯಾಪ್ ಡಬ್ಬವೂ ಹುಡುಕುತ್ತಲೇ ಇತ್ತು. ಮೂವರೂ ಸೇರಿ ಬಂಡಿಯನ್ನು ತಳ್ಳಿದರು. ನಾದಿನಿ ತಳ್ಳಿದ್ದಕ್ಕಿಂತ ಹೆಚ್ಚು ಹುರಿದುಂಬಿಸಿದಳು. ಬೋಟು ಕಿರುಗುಟ್ಟುತ್ತ ಬಿಸಿಲಿಗೆ ಬಂತು. ಸ್ವಲ್ಪ ಹೊತ್ತಿಗೆ ಮ್ಯಾಪಿನ ಪರದೆಯ ಮೇಲೆ ದಡದ ಗೆರೆ, ಗೆರೆಯ ಒಳಗೆ ನೆಲದ ಮೇಲೆ ಒಂದು ಪುಟ್ಟ ಕಪ್ಪು ಬಾಣ: ನಾವು.

"ಬೇಕರಿ ಕಾಣ್ತಾ ಇದ್ಯಾ?" ಎಂದು ಬಗ್ಗಿದಳು ನಾದಿನಿ.

ರೇಡಿಯೋದಲ್ಲಿ ಮಾತ್ರ ಅದೇ ಅಡ್ಡಗೆರೆಗಳು. ಪೀಂ.

"ಅಂದ್ರೆ ಒಬ್ಬರಿಗೆ ಎಲ್ಲಾ ಗೊತ್ತು, ಪಕ್ಕದವರಿಗೆ ಬಾಯಿ ಬಿಡ್ತಾ ಇಲ್ಲ," ಅಂದಳು ನಾದಿನಿ. "ಈ ಡಬ್ಬ ನಮ್ಮಣ್ಣನ ಹತ್ತಿರ ಬೆಳೆದದ್ದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ."

ಬಿಚ್ಚಿದರು. ಮತ್ತೆ ಸುಲಿದರು, ಮತ್ತೆ ಹೊಸೆದರು. ಫ್ಯೂಸ್ ತೆಗೆದು ಅಂಗಿಗೆ ಒರೆಸಿ ಹಾಕಿದರು. ಮ್ಯಾಪ್ ಡಬ್ಬ ತನ್ನ ಸುದ್ದಿಯನ್ನು ಹೊರಗೆ ಕಳಿಸುವಂತೆ ಒಳಗಿನ ಮೆನುವಿನಲ್ಲಿ ಒಂದು ಗುರುತು ಹಾಕಬೇಕು ಎಂದು ಅಂಗಡಿಯವನು ಹೇಳಿದ್ದ. ನಿಧಾನಪ್ಪ ಅದನ್ನು ತೆರೆದು ತೋರಿಸಿದ, ಗುರುತು ಇತ್ತು. ಅಂಗಡಿಯವನಿಗೆ ಫೋನು ಮಾಡಿದರೆ ಅದು ರಿಂಗಾಗಿ ರಿಂಗಾಗಿ ಸುಮ್ಮನಾಯಿತು. ಭಾನುವಾರ ಯಾವ ಅಂಗಡಿಯವನು ಎತ್ತುತ್ತಾನೆ? ಅಷ್ಟು ಹೊತ್ತೂ ರೇಡಿಯೋ ತನ್ನ ಪಾಡಿಗೆ ಪೀಂ ಅನ್ನುತ್ತಿತ್ತು, ಹಸಿದ ಕೂಸಿನ ಹಾಗೆ.

ಬಿಸಿಲು ಬೋಟಿನ ಮೂತಿಯಿಂದ ಇಳಿದು ಹಿಂಬದಿಗೆ ಬಂತು. ನಿಧಾನಪ್ಪ ಎದ್ದು ನಿಂತು, ಎಡಗೈಯಿಂದ ಬಲಭುಜ ಒತ್ತಿಕೊಂಡು, "ಬಿಡು," ಅಂದ. "ಮುಂದಿನ ಸಲ ನೋಡೋಣ. ಬೋಟು ನಡೆಸೋದಕ್ಕೆ ಹೇಗೂ ನಾನಿದ್ದೀನಲ್ಲ."

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತೇ. ಆದರೆ ಸೂಜಿ ಉಗುರಿನ ಕೆಳಗೆ ಹೋದ ಹಾಗೆ ಹೋಯಿತು.

"ರೀ, ನಾನು ಬೋಟು ನಡೆಸೋದು ನಿಮಗೆ ಇಷ್ಟ ಇದ್ಯೋ ಇಲ್ವೋ?"

"ವೈರೆಲ್ಲಾ ಸರಿಯಾಗೇ ಇದೆ. ರೇಡಿಯೋನೇ ಸರಿ ಇಲ್ವೇನೋ."

"ನಾನು ಕೇಳಿದ್ದು ಅದಲ್ಲ."

"ಹೇಳೋದಕ್ಕೆ ಕೇಳೋದು, ಕೇಳೋದಕ್ಕೆ ಹೇಳೋದು. ನನ್ನ ಕಡೆ ಏನೂ ತಪ್ಪಿಲ್ಲ."

"ನಿಮ್ಮ ಕಡೆ ಎಂದಾದ್ರೂ ತಪ್ಪು ಇದ್ದದ್ದುಂಟಾ? ಇಷ್ಟ ಇದ್ಯೋ ಇಲ್ವೋ?"

"ನಾನು ಆಗಿಂದ ಹೇಳ್ತಾನೇ ಇದ್ದೀನಿ, ನೀನು ಕೇಳ್ತಾನೇ ಇಲ್ಲ."

"ನಾನು ಆಗಿಂದ ಕೇಳ್ತಾನೇ ಇದ್ದೀನಿ, ನೀವು ಹೇಳ್ತಾನೇ ಇಲ್ಲ."

ನಾದಿನಿ ಬನ್ನು ಅಗಿಯುವುದನ್ನು ನಿಲ್ಲಿಸಿದಳು. ರೇಡಿಯೋ ಪೀಂ ಅಂದಿತು. ಟೈಲರಮ್ಮ ಇನ್ನೊಂದು ಮಾತು ಬಾಯಿಗೆ ತಂದುಕೊಂಡವಳು ಅದನ್ನು ಹಾಗೇ ಬಿಟ್ಟು, ತನ್ನ ಕ್ಯಾನ್ವಾಸ್ ಪಟ್ಟಿಯನ್ನು ಬೆರಳ ನಡುವೆ ಹಿಡಿದು ನೋಡಿದಳು. ಕೆಂಪು ದಾರದ 'ಕೇಳೋದು'. ಆಮೇಲೆ ಗಂಡನ ಬಿಳಿ ಟೇಪನ್ನು ನೋಡಿದಳು. ಅದೇ ಮೂರು ಅಕ್ಷರ.

"ರೀ," ಅಂದಳು ಮೆಲ್ಲಗೆ. "ನೀವು ಕೇಳೋದು ಅಂತ ಬರೆದಿರೋದು ಕಿವಿಯಿಂದಾನಾ, ಬಾಯಿಂದಾನಾ?"

"ಏನು ಹಾಗಂದ್ರೆ? ಕೇಳೋದು ಕಿವಿಯಿಂದ. ಮ್ಯಾಪ್ ಡಬ್ಬ ಕೇಳಿಸಿಕೊಳ್ಳೋ ವೈರು, ಒಳಗೆ ಬರೋ ಬಾಣ."

"ನಾನು ಬಾಯಿಂದ ಅಂದುಕೊಂಡೆ."

"ಬಾಯಿಂದ ಕೇಳೋದಾ?"

"'ರೀ, ನಾವೆಲ್ಲಿದ್ದೀವಿ' ಅಂತ ಕೇಳೋದು. ರೇಡಿಯೋಗೆ ಗೊತ್ತಿಲ್ಲ ಅಲ್ವಾ? ಗೊತ್ತಿಲ್ಲದವರು ಕೇಳಬೇಕು. ಅದು ಕೇಳುತ್ತೆ, ನಿಮ್ಮ ಡಬ್ಬ ಹೇಳುತ್ತೆ. ಕೇಳೋದಕ್ಕೆ ಮಾತು ಹೊರಗೆ ಹೋಗಬೇಕಲ್ಲ, ಅದಕ್ಕೇ ಹೊರಗೆ ಹೋಗೋ ಬಾಣಕ್ಕೆ ಕೇಳೋದು ಅಂತ ಹೊಲಿದೆ. ಒಳಗೆ ಬರೋದಕ್ಕೆ ಹೇಳೋದು ಅಂತ. ಅಲ್ಲಿಂದ ಹೇಳಿದ್ದು ಇಲ್ಲಿ ಬರುತ್ತೆ ಅಂತ."

ನಿಧಾನಪ್ಪ ಬಗ್ಗಿ ಕೂತು, ಬೆರಳಿನಿಂದ ಒಂದೊಂದೇ ವೈರನ್ನು ಹಿಂಬಾಲಿಸಿದ. ಅವನ ಡಬ್ಬದ ಬಾಯಿ ಅವಳ ಡಬ್ಬದ ಬಾಯಿಗೆ ಸೇರಿತ್ತು. ಅವನ ಕಿವಿ ಅವಳ ಕಿವಿಗೆ. ಮಧ್ಯಾಹ್ನದಿಂದ ಎರಡು ಡಬ್ಬಗಳೂ ಒಂದರ ಬಾಯಿಗೆ ಇನ್ನೊಂದು ಬಾಯಿಟ್ಟು ಮಾತಾಡುತ್ತಿದ್ದವು, ಕಿವಿಗೆ ಕಿವಿ ಆನಿಸಿಕೊಂಡು ಮಾತಿಗಾಗಿ ಕಾಯುತ್ತಿದ್ದವು. ಗುರುತು ಹಾಕಿದ್ದರಲ್ಲಿ ಇಬ್ಬರದೂ ತಪ್ಪಿಲ್ಲ. ಕೂಡಿಸಿದ್ದು ಮಾತ್ರ ತಪ್ಪು.

ಆಗ ನಿಧಾನಪ್ಪ ಎಂದೂ ಮಾಡದ ಕೆಲಸ ಮಾಡಿದ. ತಕ್ಷಣ ನಕ್ಕ. ರಾತ್ರಿಯವರೆಗೆ ಕಾಯದೆ, ಹಲ್ಲುಜ್ಜದೆ, ಅಲ್ಲೇ, ಬೋಟಿನ ತಳದಲ್ಲಿ ಕುಸಿದು ಕೂತು, ಭುಜದ ನೋವನ್ನೂ ಮರೆತು ನಕ್ಕ. ಟೈಲರಮ್ಮ ಸಿಟ್ಟು ಇಟ್ಟುಕೊಳ್ಳಲು ನೋಡಿದಳು. ಮೂಗಿನಿಂದ ಒಂದು ಸದ್ದು ಹೊರಟಿತು, ಅಷ್ಟರಲ್ಲಿ ಎಲ್ಲ ಸಡಿಲವಾಯಿತು. ಕಣ್ಣೊರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಗ್ರೀಸಿನ ಬಟ್ಟೆ.

"ನನಗೂ ಹೇಳ್ರೋ," ಅಂದಳು ನಾದಿನಿ. "ನಾನು ಕೇಳ್ತಾ ಇದ್ದೀನಿ."

"ಯಾವುದರಿಂದ?" ಎಂದರು ಇಬ್ಬರೂ ಒಟ್ಟಿಗೆ.

ವೈರು ಅದಲು ಬದಲು ಮಾಡುವ ಕೆಲಸ ಒಂದು ಲೋಟ ಚಹಾ ಆರುವಷ್ಟರಲ್ಲಿ ಮುಗಿಯಿತು. ಈ ಸಲ ಸ್ವಿಚ್ಚು ಹಾಕಿದ್ದು ಟೈಲರಮ್ಮ. ಮ್ಯಾಪು ತನ್ನ ಗೆರೆ ಬರೆಯಿತು, ಬಾಣ ನಿಂತಿತು. ಮೂವರೂ ರೇಡಿಯೋದ ಪರದೆಯ ಮೇಲೆ ಮುಖ ಒಟ್ಟುಮಾಡಿದರು. ಅಡ್ಡಗೆರೆ, ಅಡ್ಡಗೆರೆ, ಅಡ್ಡಗೆರೆ. ಆಮೇಲೆ, ಯಾರೋ ಒಳಗಿನಿಂದ ಕಿಟಕಿ ತೆರೆದ ಹಾಗೆ, ಅಂಕಿಗಳು. ಎರಡು ಸಾಲು. ಕೊನೆಯ ಅಂಕಿ ಒಂದು ಏರಿ, ಒಂದು ಇಳಿದು, ಚಡಪಡಿಸಿ, ಸುಮ್ಮನಾಯಿತು. ಪೀಂ ಬರಲೇ ಇಲ್ಲ. ಬಾರದ ಆ ಸದ್ದಿಗಾಗಿ ಮೂವರೂ ಉಸಿರು ಹಿಡಿದು ಕಾದದ್ದು, ನೋಡುವವರಿದ್ದರೆ, ತಮಾಷೆಯಾಗಿತ್ತು.

"ಅದೇನು, ಆ ಅಂಕಿ?" ಎಂದು ಪಿಸುಗುಟ್ಟಿದಳು ನಾದಿನಿ.

"ನಾವು," ಅಂದ ಅಣ್ಣ.

"ಪರವಾಗಿಲ್ಲ, ಚೆನ್ನಾಗಿದ್ದೀವಿ." ನಾದಿನಿ ಎದ್ದು ಬೇಕರಿಯ ಕಡೆ ನಡೆದಳು. ಕತ್ತಲಾಗುವ ಹೊತ್ತಿಗೆ ಬ್ರೆಡ್ಡಿಗೆ ಬಂದವರಿಗೆಲ್ಲ ಕಿವಿ ಬಾಯಿಯ ಕಥೆ ಬಿಸಿಬಿಸಿಯಾಗಿ ಸಿಕ್ಕಿತ್ತು.

ಟೈಲರಮ್ಮ ಊಟಕ್ಕೆ ಮೊದಲು ಮೆಷಿನ್ನಿನ ಮುಂದೆ ಕೂತು ಹೊಸ ಪಟ್ಟಿಗಳನ್ನು ಹೊಲಿದಳು. ಅಕ್ಷರದ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು. ಒಂದರ ಮೇಲೆ ಕಿವಿ ಹೊಲಿದಳು, ಒಂದರ ಮೇಲೆ ಬಾಯಿ. ಕಿವಿ ಗಂಡನದರಂತೆ ದೊಡ್ಡದಾಗಿ ಬಂತು. ಬಾಯಿ ಯಾರದೆಂದು ಅವಳು ಹೇಳಲಿಲ್ಲ, ಆದರೆ ಅದಕ್ಕೆ ಸ್ವಲ್ಪ ಹಿಟ್ಟು ಮೆತ್ತಿದ್ದರೆ ಗುರುತು ಸಿಗುತ್ತಿತ್ತು.

ಬೆಳಿಗ್ಗೆ ಬೋಟನ್ನು ನೀರಿಗಿಳಿಸಿ ಕಟ್ಟುವ ಹೊತ್ತಿಗೆ ಬೋಟ್ ಇನ್‌ಸ್ಪೆಕ್ಟರು ಬಂದರು. ಉದ್ದ ಕಾಲಿನ, ತೆಳ್ಳನೆಯ ಮನುಷ್ಯ. ಯಾವ ಬೋಟಿಗೂ ಆ ಕಾಲುಗಳು ಸರಿಯಾಗಿ ಹಿಡಿಸುವುದಿಲ್ಲ ಅನ್ನಿಸುತ್ತಿತ್ತು. ಹಾಕಿಕೊಂಡಿದ್ದ ಲೈಫ್ ಜಾಕೆಟ್ಟಿನ ಪಟ್ಟಿ ಒಂದು ಕಡೆ ಹೊಲಿಗೆ ಬಿಟ್ಟು ಜೋತಾಡುತ್ತಿತ್ತು. ಟೈಲರಮ್ಮ ನಮಸ್ಕಾರ ಹೇಳುವುದಕ್ಕೂ ಮೊದಲು ಅದನ್ನೇ ನೋಡಿದಳು.

"ಅದನ್ನ ವಾಪಸ್ ಬಂದಮೇಲೆ ಕೊಟ್ಟುಹೋಗಿ. ಮುಳುಗೋದಾದ್ರೆ ಅದು ಮೊದಲು ಮುಳುಗುತ್ತೆ."

"ಪರೀಕ್ಷೆ ಯಾರದು, ನಿಮ್ಮದಾ ನನ್ನದಾ?" ಎಂದರು ಇನ್‌ಸ್ಪೆಕ್ಟರು. ಆದರೂ ಪಟ್ಟಿಯನ್ನು ಗಂಟು ಹಾಕಿಕೊಂಡರು. ಹಗ್ಗ ನೋಡಿದರು, ಲಂಗರು ನೋಡಿದರು, ಬೆಂಕಿ ಆರಿಸುವ ಸಿಲಿಂಡರ್ ಎತ್ತಿ ತೂಕ ನೋಡಿದರು. ರೇಡಿಯೋದ ಅಂಕಿಗಳನ್ನು ತಮ್ಮ ಕೈಯಲ್ಲಿದ್ದ ಯಂತ್ರದ ಅಂಕಿಗಳ ಜೊತೆ ಹೋಲಿಸಿ ತಲೆಯಾಡಿಸಿದರು. ಆಮೇಲೆ ಮಂಡಿ ಊರಿ, ಟಾರ್ಚು ಬಿಟ್ಟು, ಚುಕ್ಕಾಣಿಯ ಕೆಳಗೆ ತಲೆ ತೂರಿಸಿದರು. ಅಲ್ಲೇ ಸ್ವಲ್ಪ ಹೊತ್ತು ಉಳಿದರು.

"ಇದೇನಮ್ಮ?"

"ಕಿವಿ."

"ಅದು?"

"ಬಾಯಿ. ಇದರ ಬಾಯಿ ಅದರ ಕಿವಿಗೆ, ಅದರ ಬಾಯಿ ಇದರ ಕಿವಿಗೆ."

ಇನ್‌ಸ್ಪೆಕ್ಟರು ತಲೆಯನ್ನು ಹೊರಗೆ ತೆಗೆದರು. ಮುಖದಲ್ಲಿ ಸರ್ಕಾರವನ್ನು ಉಳಿಸಿಕೊಳ್ಳಲು ಬಹಳ ಕಷ್ಟಪಡುತ್ತಿದ್ದರು. "ನಮ್ಮ ಆಫೀಸಿನ ಫೋನಿಗೂ ಒಂದು ಜೊತೆ ಹೊಲಿದುಕೊಡಿ," ಎಂದು ಇಂಜಿನ್ ಪೆಟ್ಟಿಗೆಯ ಮೇಲೆ ಕಾಲು ಮಡಚಿ ಕೂತರು. "ನಡೀರಿ."

ನಿಧಾನಪ್ಪ ಎಲ್ಲಿ ಕೂರಬೇಕು ಎಂದು ಒಂದು ಕ್ಷಣ ಬೋಟಿನ ತುಂಬ ನೋಡಿದ. ಉಳಿದದ್ದು ಒಂದೇ ಜಾಗ. ಹೋಗಿ ಮುಂದಿನ ಹಲಗೆಯ ಮೇಲೆ ಕೂತ, ಮುಖ ಹೆಂಡತಿಯ ಕಡೆಗೆ, ಬೆನ್ನು ದ್ವೀಪದ ಕಡೆಗೆ. ಮಡಿಲಲ್ಲಿ ಏನನ್ನಾದರೂ ಇಟ್ಟುಕೊಳ್ಳಬೇಕು ಅನ್ನಿಸಿತೋ ಏನೋ, ಸುತ್ತಿಟ್ಟಿದ್ದ ಹಗ್ಗ ಎತ್ತಿ ಇಟ್ಟುಕೊಂಡ.

ಟೈಲರಮ್ಮ ಇಂಜಿನ್ನಿಗೆ ಜೀವ ಕೊಟ್ಟಳು. ಕಲಿಯುವಾಗ ಅವಳು ಬೋಟು ನಡೆಸಿದ್ದೆಲ್ಲ ದಡದ ಪಕ್ಕದಲ್ಲೇ, ಅಲೆ ತಡೆಯುವ ಕಲ್ಲಿನ ಕಟ್ಟೆಯ ಒಳಗೇ, ಗೂಟದಿಂದ ಗೂಟಕ್ಕೆ. ಕಟ್ಟೆ ದಾಟಿದ್ದು ಇದೇ ಮೊದಲು. ದಾಟುತ್ತಲೇ ನೀರು ಅಗಲವಾಯಿತು. ಅಲೆ ಬಂದಾಗ ಅವಳ ಬಲಗಾಲು ತಾನಾಗೇ ಪೆಡಲಿಗಾಗಿ ತಡಕಿತು. ಇಲ್ಲಿ ಪೆಡಲಿಲ್ಲ ಎಂದು ನೆನಪಾಗಿ ಕೈಯಿಂದ ವೇಗ ಇಳಿಸಿದಳು. ಬಟ್ಟೆ ದಪ್ಪ ಬಂದಾಗ ಮಾಡುವುದೂ ಅದನ್ನೇ. ಅಲೆ ಕೆಳಗೆ ಹೋಯಿತು.

ಎದುರಿಗೆ ಗಂಡನ ಮುಖ. ಅದು ಹೊಸದಲ್ಲ. ಆದರೆ ಆ ಮುಖದ ಹಿಂದೆ ಈಗ ಊರಿರಲಿಲ್ಲ.

ಅರ್ಧ ದಾರಿಯಲ್ಲಿ ನಿಧಾನಪ್ಪ ಗಂಟಲು ಸರಿಮಾಡಿಕೊಂಡ. ಹೇಳಲೋ ಬೇಡವೋ ಎಂದು ಇನ್‌ಸ್ಪೆಕ್ಟರನ್ನು ಒಮ್ಮೆ ನೋಡಿದ.

"ಇಷ್ಟ ಇದೆ," ಅಂದ.

"ಏನು?"

"ನಿನ್ನೆ ಕೇಳಿದ್ಯಲ್ಲ. ಬಾಯಿಂದ."

ಇನ್‌ಸ್ಪೆಕ್ಟರು ಇಬ್ಬರನ್ನೂ ನೋಡಿ, ಇದು ತಮ್ಮ ತಪಾಸಣೆಗೆ ಸೇರಿದ್ದಲ್ಲ ಎಂದು ಸಮುದ್ರ ನೋಡತೊಡಗಿದರು. ಚುಕ್ಕಾಣಿಯ ಮೇಲೆ ಟೈಲರಮ್ಮನ ಕೈ ಸ್ವಲ್ಪ ಬಿಗಿಯಾಯಿತು, ಬೋಟು ಅಷ್ಟೇ ಸ್ವಲ್ಪ ಎಡಕ್ಕೆ ಹೋಯಿತು, ತಿದ್ದಿಕೊಂಡಳು.

ಆಗ ದ್ವೀಪ ಬಂತು.

ಮೊದಲು ಅದು ನೀರಿನ ಮೇಲೆ ಯಾರೋ ಸೀಮೆಸುಣ್ಣದಿಂದ ಎಳೆದ ಒಂದು ಗೆರೆ. ಆಮೇಲೆ ಗೆರೆಗೆ ಬೆನ್ನು ಬಂತು, ಬೆನ್ನಿಗೆ ಮರ ಬಂದವು. ಮರಗಳ ಕೆಳಗೆ ಮನೆಗಳು ಒಂದೊಂದಾಗಿ ಎದ್ದು ಕೂತವು. ಮನೆಗಳಿಗೆ ಕಿಟಕಿಗಳು ತೆರೆದವು, ಎಲ್ಲವೂ ನೀರಿನ ಕಡೆಗೆ. ಕಿಟಕಿಗಳಲ್ಲಿ ಬಣ್ಣ.

ಅವಳಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಹಸಿರು ಪಟ್ಟೆಯದು ನೇಕಾರರ ಮನೆಯದು. ಅದರ ಬಟ್ಟೆ ಕತ್ತರಿಗೆ ಜಾರಿ ಜಾರಿ ಕಾಡಿತ್ತು. ಕೆಂಪು ಹೂವಿನದು ಶಾಲೆಯ ಮೇಡಮ್ಮನದು. ಅಂಚಿಗೆ ಹಳದಿ ಇಟ್ಟದ್ದು ಮುದುಕಿಯ ಮನೆಯದು. ಹಳದಿ ಬೇಡ ಎಂದು ಅವಳು, ಬೇಕೇ ಬೇಕು ಎಂದು ಮುದುಕಿ, ಗೆದ್ದದ್ದು ಮುದುಕಿ, ಮತ್ತು ಮುದುಕಿ ಹೇಳಿದ್ದೇ ಸರಿಯಾಗಿತ್ತು. ಇಷ್ಟು ವರ್ಷ ಹೊಲಿದ ಪರದೆಗಳನ್ನೆಲ್ಲ ಅವಳು ನೋಡಿದ್ದು ಮನೆಯೊಳಗೆ ನಿಂತು, ತಾನೇ ತೂಗುಹಾಕುತ್ತ, ಒಂದೊಂದಾಗಿ, ಹಿಂಬದಿಯಿಂದ. ಅವು ಎಲ್ಲ ಸೇರಿ ನೀರಿಗೆ ಮುಖ ಮಾಡಿ ಹೀಗೆ ಸಾಲಾಗಿ ನಿಂತಿರುತ್ತವೆ, ಬರುವವರೆಲ್ಲ ಮೊದಲು ನೋಡುವುದು ಅವನ್ನೇ ಎಂದು ಒಬ್ಬರೂ ಅವಳಿಗೆ ಹೇಳಿರಲಿಲ್ಲ. ಹೇಳುವಂಥದ್ದು ಎಂದು ಅವರಿಗೆ ಅನ್ನಿಸಿರಲಿಲ್ಲ. ಗಂಡ ದಿನಾ ಇದನ್ನೇ ನೋಡುತ್ತಿದ್ದನಲ್ಲ.

ಒಂದು ಪರದೆ ಗಾಳಿಗೆ ಕಿಟಕಿಯಿಂದ ಹೊರಗೆ ಹಾರಿ, ಮತ್ತೆ ಒಳಗೆ ಹೋಯಿತು. ಅಂಚು ನೇರವಾಗಿತ್ತು. ಅಷ್ಟು ದೂರದಿಂದಲೂ ಅವಳಿಗೆ ಅದು ಕಾಣಿಸಿತು, ಅಥವಾ ಕಾಣಿಸಿತು ಎಂದು ಆಮೇಲೆ ಹೇಳುತ್ತಿದ್ದಳು.

"ಜಾಗ ಓದಿ ಹೇಳಿ," ಎಂದರು ಇನ್‌ಸ್ಪೆಕ್ಟರು, ಕೆಲಸ ನೆನಪಾಗಿ.

ರೇಡಿಯೋದ ಪರದೆಯ ಅಂಕಿಗಳನ್ನು ಟೈಲರಮ್ಮ ಗಟ್ಟಿಯಾಗಿ, ಒಂದೂ ತಪ್ಪದೆ ಓದಿದಳು. ಎದೆಯಳತೆ ಓದುವ ಅದೇ ಧ್ವನಿಯಲ್ಲಿ. ಇನ್‌ಸ್ಪೆಕ್ಟರು ತಮ್ಮ ಯಂತ್ರ ನೋಡಿ, "ಸರಿಯಾಗಿದೆ. ನಾವೆಲ್ಲಿದ್ದೀವಿ ಅಂತ ನಿಮ್ಮ ರೇಡಿಯೋಗೆ ಗೊತ್ತು," ಎಂದರು. ಆಮೇಲೆ, "ನಿಮಗೂ ಗೊತ್ತು. ಇನ್ನು ಧಕ್ಕೆಗೆ ನಿಲ್ಲಿಸೋದೊಂದು ನೋಡಿಬಿಡ್ತೀನಿ."

ಅವಳು ವೇಗ ಇಳಿಸಿದಳು. ಇನ್ನೂ ಇಳಿಸಿದಳು. ಮೂಲೆ ತಿರುಗಿಸುವಾಗ ಹೇಗೆ ಸೂಜಿಯನ್ನು ಬಟ್ಟೆಯೊಳಗೇ ನಿಲ್ಲಿಸಿ ಬಟ್ಟೆಯನ್ನು ಮಾತ್ರ ಹೊರಳಿಸುತ್ತಾಳೋ, ಹಾಗೆ ಬೋಟಿನ ಮೂತಿಯನ್ನು ಇದ್ದಲ್ಲೇ ಇಟ್ಟು ಹಿಂಬದಿಯನ್ನು ಹೊರಳಿಸಿದಳು. "ನಿಧಾನ, ನಿಧಾನ," ಎಂದು ತನಗೆ ತಾನೇ ಹೇಳಿಕೊಂಡಳು. ಯಾರ ಮಾತು ಅದು ಎಂದು ಹೇಳಿದ ಮೇಲೆ ಹೊಳೆಯಿತು. ಧಕ್ಕೆಯ ಹಳೆಯ ಟೈರಿಗೆ ಬೋಟಿನ ಪಕ್ಕೆ ತಾಗಿತು, ಮಲಗಿದ ಮಗುವಿನ ಕೆನ್ನೆಗೆ ಕೆನ್ನೆ ತಾಗಿದಷ್ಟು. ಇಂಜಿನ್ ಸುಮ್ಮನಾಯಿತು. ಹಲ್ಲು ಯಾರದೂ ಕಟಕ್ ಅನ್ನಲಿಲ್ಲ.

ಇನ್‌ಸ್ಪೆಕ್ಟರು ಹೆಬ್ಬೆರಳು ಎತ್ತಿ ತೋರಿಸಿದರು. ಆಮೇಲೆ ಧಕ್ಕೆಯ ಕಂಬ ಹಿಡಿದು, ಉದ್ದ ಕಾಲುಗಳನ್ನು ಒಂದಾದ ಮೇಲೊಂದು ಮೇಲಕ್ಕೆ ಎಳೆದುಕೊಂಡರು.

ನಿಧಾನಪ್ಪ ಮಾತ್ರ ಹಲಗೆಯ ಮೇಲೆ ಹಾಗೇ ಕೂತಿದ್ದ, ಹಗ್ಗ ಮಡಿಲಲ್ಲಿ, ಬೆನ್ನು ದ್ವೀಪಕ್ಕೆ, ಧಡ್ ಅನ್ನುವುದನ್ನೇ ಕಾಯುತ್ತ. ಇಂಜಿನ್ ಯಾಕೆ ನಿಂತಿತು ಎಂದು ಅವನ ಮುಖದಲ್ಲಿ ಸಣ್ಣ ಗಾಬರಿ. ಇನ್‌ಸ್ಪೆಕ್ಟರು ನೀರಿನ ಮೇಲೆ ಎಲ್ಲಿಗೆ ಎದ್ದು ಹೋದರು ಎಂಬುದೂ ಅವನಿಗೆ ಇನ್ನೂ ಬಗೆಹರಿದಿರಲಿಲ್ಲ.

"ಬಂತಾ?" ಅಂದ.

ಟೈಲರಮ್ಮ ಚುಕ್ಕಾಣಿಯ ಮೇಲೆ ಎರಡೂ ಕೈ ಇಟ್ಟು, ಅವನ ತಲೆಯ ಮೇಲಿಂದ ಆ ಎಲ್ಲ ಕಿಟಕಿಗಳನ್ನು ಇನ್ನೊಮ್ಮೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಅವಸರವಿಲ್ಲದೆ ನೋಡಿದಳು.

"ಕೇಳಿಸಲಿಲ್ಲ," ಅಂದಳು. "ಇನ್ನೊಂದ್ಸಲ ಕೇಳಿ."